ಅರ್ಧ ಲೋಟದ ಮನೆ

ಮೊನ್ನೆ ಭಾನುವಾರ ತಂಗಿಯ ಮಗಳು ಶೆಟ್ಟಿಹಳ್ಳಿಯ ನಮ್ಮ ಮನೆಗೆ ಬರುವಾಗ ನಾಲ್ಕು ಪಿಂಗಾಣಿ ಮಗ್ ತಂದಳು. ಒಂದೊಂದೂ ಮೊಸರಿನ ಕುಡಿಕೆಯಷ್ಟು ದೊಡ್ಡದು. ಅವುಗಳಲ್ಲೇ ಎಲ್ಲರಿಗೂ ಕಾಫಿ ತಂದೆ. ಅವಳು ಬಗ್ಗಿ ನೋಡಿ, "ದೊಡ್ಡಮ್ಮ, ಹಾಲು ಸಾಲ್ಲಿಲ್ವಾ? ಅರ್ಧಾನೇ ಇದೆ!" ಅಂದಳು.

ಹಾಲು ಬೇಕಾದಷ್ಟಿತ್ತು. ನಮ್ಮ ಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಯಾರಿಗೂ ತುಂಬಿದ ಲೋಟ ಕೊಟ್ಟಿಲ್ಲ, ಅಷ್ಟೆ. ಜಿಪುಣತನ ಅಂದುಕೊಳ್ಳಬೇಡಿ, ಸ್ವಲ್ಪ ತಾಳಿ.

ನನಗೆ ಫಿಟ್ಸ್ ಇದೆ. ಮಾತ್ರೆ ಅದನ್ನು ಹದ್ದುಬಸ್ತಿನಲ್ಲಿಟ್ಟಿದೆ, ಪುಕ್ಕಟೆಯಾಗಿ ಅಲ್ಲ. ಜಡೆ ಇಲಿಬಾಲವಾಯಿತು, ಮೈ ಊದಿತು, ಕೈಗೊಂದು ಸಣ್ಣ ನಡುಕ ಅಂಟಿಕೊಂಡಿತು. ನನ್ನ ಸಹಿಯನ್ನು ನಾನೇ ಗುರುತು ಹಿಡಿಯಲಾರೆ. ರಂಗೋಲಿಯ ಗೆರೆಯಂತೂ ನಾನು ಹೇಳಿದ ಕಡೆ ಹೋದದ್ದೇ ಇಲ್ಲ.

ಮದುವೆಗೆ ಮೊದಲೇ ಅಪ್ಪ ಗಂಡಿನವರಿಗೆ ಎಲ್ಲ ಹೇಳಿದ್ದರು. ನನ್ನ ಅತ್ತೆಯಾಗುವವರು ಕೇಳಿದ್ದು ಒಂದೇ ಮಾತು: "ಮಾತ್ರೆ ತಪ್ಪದೆ ನುಂಗ್ತಾಳಾ?" ನುಂಗುತ್ತಿದ್ದೆ, ಕುಣಿಗಲ್ಲಿನಿಂದ ಅತ್ತೆಯ ಅಣ್ಣ ಬರುವ ತನಕ. ಅವತ್ತು ತಟ್ಟೆಯಲ್ಲಿ ಐದು ಲೋಟ ಕಾಫಿ ಹಿಡಿದು ಹೋದೆ. ಕೈ ನಡುಗಿತು, ಅರ್ಧ ಕಾಫಿ ಅವರ ಬಿಳಿ ಪಂಚೆ ಕುಡಿಯಿತು. "ಏನವ್ವಾ, ಕಾಫಿ ಕುಡಿಸಾಕ್ ಬಂದ್ಯೋ, ಸ್ನಾನ ಮಾಡ್ಸಾಕ್ ಬಂದ್ಯೋ?" ಎಲ್ಲರೂ ನಕ್ಕರು. ನಾನೂ ನಕ್ಕೆ, ಆಮೇಲೆ ಅಡುಗೆಮನೆಗೆ ಹೋಗಿ ಕಣ್ಣೀರು ಹಾಕಿದೆ. ಆ ಸಂಜೆಯಿಂದ ಗುಟ್ಟಾಗಿ ಮಾತ್ರೆ ಮುರಿಯತೊಡಗಿದೆ. ಅರ್ಧ ಮಾತ್ರೆಗೆ ಅರ್ಧ ನಡುಕ ಅನ್ನುವುದು ನನ್ನ ಲೆಕ್ಕ.

ಎರಡು ವಾರವೂ ಆಗಿರಲಿಲ್ಲ, ಹಿತ್ತಲಲ್ಲಿ ಕೊಬ್ಬರಿ ಹರವುತ್ತಿದ್ದವಳು ಬಿದ್ದೆ. ಎಚ್ಚರವಾದಾಗ ಪಕ್ಕದ ಮನೆಯಾಕೆ ನನ್ನ ಮುಷ್ಟಿಗೆ ತುರುಕಲು ಕಬ್ಬಿಣದ ಬೀಗದ ಕೈ ಹಿಡಿದು ನಿಂತಿದ್ದರು. ಅತ್ತೆ ಅವರನ್ನು ತಡೆದು, ನನ್ನನ್ನು ಮಗ್ಗುಲಿಗೆ ಹೊರಳಿಸಿ, ಸೆರಗಿನಿಂದ ಬಾಯಿ ಒರೆಸುತ್ತಿದ್ದರು. ತುಮಕೂರಿನ ಡಾಕ್ಟರು ಚೆನ್ನಾಗಿ ಬೈದು, ಮಾತ್ರೆ ಮೊದಲಿನಷ್ಟೇ ಬೇಕು, ನಡುಕ ಸ್ವಲ್ಪ ಇದ್ದೇ ಇರುತ್ತದೆ ಅಂದರು. ಮನೆಗೆ ಬಂದಮೇಲೆ ಅತ್ತೆ ನನ್ನ ಡಬ್ಬಿಯಿಂದ ಅರ್ಧರ್ಧ ಚೂರುಗಳನ್ನು ಹೆಕ್ಕಿ ತೆಗೆದರು.

"ಕೈ ನಡುಗಿದ್ರೆ ನಡುಗ್ಲಿ ಬುಡು. ಲೋಟ ಅರ್ಧ ಮಾಡಾಣ. ಮಾತ್ರೆ ಅರ್ಧ ಮಾಡ್ಬ್ಯಾಡ ಕಣೇ. ನೀನು ನಮ್ಗೆ ಪೂರ್ತಿ ಬೇಕು."

ಮಾರನೆಯ ಬೆಳಗಿನಿಂದ ಎಲ್ಲರಿಗೂ ಅರ್ಧ ಲೋಟ, ಅತ್ತೆಗೂ. ಇದು ಸಣ್ಣ ಮಾತಲ್ಲ. ಕಾಫಿ ಅಂದರೆ ಕಂಠಮಟ್ಟ ಇರಬೇಕು, ನೊರೆ ಮೂಗಿನ ತುದಿಗೆ ತಾಗಬೇಕು ಅನ್ನುತ್ತಿದ್ದವರು ಅವರು. ನೆಂಟರು ನಮ್ಮದಕ್ಕೆ 'ಅರ್ಧ ಲೋಟದ ಮನೆ' ಅಂತ ಹೆಸರಿಟ್ಟರು. ಕುಣಿಗಲ್ಲಿನ ಅಣ್ಣ, "ಏನಮ್ಮಾ, ಹಸ ಬತ್ತೋಯ್ತಾ?" ಅಂತ ಎದುರಿಗೇ ಕೇಳಿದರು. "ಇನ್ನೊಂದರ್ಧ ಹಾಕುಸ್ಕೋ ಬುಡಣ್ಣ" ಅಂದರೇ ಹೊರತು, ಅತ್ತೆ ನನ್ನ ಕೈ ಕಡೆ ಒಂದು ಸಲವೂ ನೋಡಲಿಲ್ಲ. ನನಗೋಸ್ಕರ ಊರವರಿಂದ ಜಿಪುಣಿ ಅನ್ನಿಸಿಕೊಂಡರು. ನಾನು ಮತ್ತೆ ಬೀಳಲಿಲ್ಲ. ಆ ಹೆಂಗಸಿನ ಋಣ ನನಗೆ ಹೇಳಿ ಮುಗಿಯುವಂಥದ್ದಲ್ಲ.

ಇಷ್ಟನ್ನೂ ತಂಗಿಯ ಮಗಳಿಗೆ ಹೇಳುತ್ತಿದ್ದಾಗ, ಈಗ ಎಂಬತ್ತು ದಾಟಿರುವ ಅತ್ತೆ ಅಲ್ಲೇ ಕುರ್ಚಿಯಲ್ಲಿ ಕೂತು ಹೊಸ ಮಗ್ಗನ್ನು ಎರಡೂ ಕೈಯಲ್ಲಿ ಎತ್ತಿ ಒಂದು ದೊಡ್ಡ ಗುಟುಕು ಹೀರಿದರು. ಒಳಗೆ ಇಣುಕಿದರು. ಮುಖ ಅರಳಿತು.

"ಇದ್ರಲ್ಲಿ ಅರ್ಧ ಅಂದ್ರೆ ನಮ್ಮ್ ಹಳೇ ಲೋಟ ಭರ್ತಿ ಆಯ್ತದೆ ಕಣೇ!"

ನೋಡುತ್ತೇನೆ, ಇಪ್ಪತ್ತೆರಡು ವರ್ಷದ ಮೇಲೆ ಅವರ ಮೂಗಿನ ತುದಿಯಲ್ಲಿ ನೊರೆ. ಸೆರಗು ಹಿಡಿದು ಒರೆಸಹೋದೆ. ಕೈ ನಡುಗಿ ನೊರೆ ಕೆನ್ನೆಗೂ ಹರಡಿತು.

"ಇರ್ಲಿ ಬುಡು, ಇನ್ನೂ ಕುಡಿಯೋದದೆ" ಅಂದರು ಅತ್ತೆ, ಮಗ್ ಕೆಳಗಿಡದೆ.