ಗ್ರಹಣದ ಮೇಲೆ ಹೊರಿಸಿದ್ದು

ವಜ್ರಳ್ಳಿಯ ಸುಮಾ ಹಾಗೆ ಹುಟ್ಟಿದ್ದು ಗ್ರಹಣದಿಂದಲ್ಲ. ನನ್ನಿಂದ. ಅವಳು ತಾಯಿಯ ಹೊಟ್ಟೆಯಲ್ಲಿದ್ದಾಗ ಆ ತಾಯಿಗೆ ಬ್ರಾಂಡಿ ಕುಡಿಸಿದವಳು ನಾನು — ಸರ್ಕಾರದ ಸಂಬಳ ತೆಗೆದುಕೊಳ್ಳುತ್ತಿದ್ದ, ಬಿಳಿ ಸೀರೆ ಉಟ್ಟ ನರ್ಸು. ಗೊತ್ತಾದ ಮೇಲೂ ಬಾಯಿ ಬಿಡದೆ ವರ್ಷಗಟ್ಟಲೆ ಕೂತವಳೂ ನಾನೇ.

ನನ್ನ ಹೆಸರು ನೀಲವ್ವ. ಗುಡ್ನಾಪುರದ ಕಡೆಯವಳು, ಈಗ ನಿವೃತ್ತಳಾಗಿ ಶಿರಸಿಯ ಅಂಚಿನ ಇಸಳೂರಿನಲ್ಲಿದ್ದೇನೆ. ಇದನ್ನು ಓದಿ ಅಯ್ಯೋ ಪಾಪ ಎನ್ನುವವರು ದಯವಿಟ್ಟು ಸುಮ್ಮನಿರಿ. ನನಗೆ ನಿಮ್ಮ ಕನಿಕರ ಬೇಕಾಗಿಲ್ಲ. ಕ್ಷಮೆ ಕೊಡಬೇಕಾದವರು ನೀವಲ್ಲ, ನಾನು ಅದನ್ನು ಕೇಳಿಯೂ ಇಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ನಾನು ವಜ್ರಳ್ಳಿ ಭಾಗದ ಹಳ್ಳಿಗಳನ್ನು ನೋಡಿಕೊಳ್ಳುತ್ತಿದ್ದೆ. ಗಿರಿಜಾ ಅಲ್ಲಿಯವಳು. ಗಂಡ ಮದುವೆ-ಮುಂಜಿಗಳಿಗೆ ಅಡುಗೆಗೆ ಹೋಗುತ್ತಿದ್ದ ಭಟ್ಟರು, ಮನೆಯಲ್ಲಿ ಅತ್ತೆಯದೇ ಕಾರುಬಾರು. ಗಿರಿಜೆಗೆ ಎರಡು ಸಲ ಏಳನೇ ತಿಂಗಳಿಗೇ ನೋವು ಬಂದು ಮಗು ಉಳಿದಿರಲಿಲ್ಲ. ಮೂರನೆಯ ಸಲ ಮುಟ್ಟು ನಿಂತ ಕೂಡಲೇ ನನ್ನ ಹತ್ತಿರ ಬಂದು, "ಸಿಸ್ಟ್ರೇ, ಈ ಸಲ ಒಂದು ಉಳಸಿಕೊಡಿ. ಇಲ್ಲದಿದ್ರೆ ಅತ್ತೆ ಎನ್ನ ತವರಿಗೆ ಕಳಸ್ತ," ಎಂದಳು. ಅಳಲಿಲ್ಲ. ಬೆಂಡೆಕಾಯಿ ಬೀಜ ಕೇಳಲು ಬಂದವಳ ಹಾಗೆ ಹೇಳಿದಳು.

ನಾನು ಕಲಿತ ಆಸ್ಪತ್ರೆಯಲ್ಲಿ ವಯಸ್ಸಾದ ಡಾಕ್ಟರೊಬ್ಬರಿದ್ದರು. ಅಕಾಲದಲ್ಲಿ ನೋವು ಬಂದ ಬಸುರಿಯರಿಗೆ ಅವರು ಮದ್ಯಸಾರವನ್ನು ಸಲೈನಿನಲ್ಲಿ ಸೇರಿಸಿ ಏರಿಸುತ್ತಿದ್ದರು. ಸಲೈನ್ ಸಿಗದ ಕಡೆ ಬ್ರಾಂಡಿಯೇ ಸಾಕು ಎನ್ನುತ್ತಿದ್ದರು. ಗರ್ಭಕೋಶ ಸಡಿಲಾಗಿ ನೋವು ನಿಲ್ಲುವುದನ್ನು ನಾನು ಕಣ್ಣಾರೆ ಕಂಡವಳು. ಅದು ಆ ಕಾಲದ ಚಿಕಿತ್ಸೆ, ನಾಟಿ ಔಷಧವಲ್ಲ. ಆಮೇಲೆ ದೊಡ್ಡ ಆಸ್ಪತ್ರೆಗಳು ಆ ಪದ್ಧತಿ ಬಿಟ್ಟವಂತೆ. ಬಿಟ್ಟ ಸುದ್ದಿಯನ್ನು ವಜ್ರಳ್ಳಿಯ ನರ್ಸಿಗೆ ಯಾರು ಬಂದು ಹೇಳುತ್ತಾರೆ? ನಮಗೆ ಬರುತ್ತಿದ್ದದ್ದು ಕುಟುಂಬ ಯೋಜನೆಯ ಗುರಿ ಮಾತ್ರ.

ಆ ಡಾಕ್ಟರು ಕೊಡುತ್ತಿದ್ದದ್ದು ನೋವು ಬಂದ ಮೇಲೆ, ಒಂದೆರಡು ದಿನ. ನಾನೋ — ನಾನು ಅವರಿಗಿಂತ ಜಾಣೆಯಾದೆ. ನೋವು ಬರುವವರೆಗೆ ಯಾಕೆ ಕಾಯಬೇಕು, ಮೊದಲಿನಿಂದಲೇ ಕೊಟ್ಟರೆ ನೋವೇ ಬರುವುದಿಲ್ಲವಲ್ಲ ಎಂದುಕೊಂಡೆ. ಯಾರನ್ನೂ ಕೇಳಲಿಲ್ಲ. ಎರಡನೇ ತಿಂಗಳಿಂದ ಹೆರಿಗೆಯವರೆಗೆ ದಿನವೂ ಸಂಜೆ ಅರ್ಧ ಲೋಟ, ಜೇನುತುಪ್ಪ ಸೇರಿಸಿ.

ಗಿರಿಜಾ ಮೊದಲು ಒಪ್ಪಲಿಲ್ಲ. ಅವರ ಮನೆಯಲ್ಲಿ ಈರುಳ್ಳಿ ಹೆಚ್ಚುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದರು, ಇನ್ನು ಬ್ರಾಂಡಿ! "ಔಷಧಿ ಅಂದ್ರ ಔಷಧಿ. ಕಣ್ಣು ಮುಚ್ಚಿ ಕುಡೀರಿ, ಉಳಿದದ್ದು ನನಗ ಬಿಡ್ರಿ," ಎಂದೆ. ಯಲ್ಲಾಪುರದ ವೈನ್‌ಶಾಪಿಗೆ ಯೂನಿಫಾರಂನಲ್ಲೇ ಹೋಗಿ ಬ್ರಾಂಡಿ ತಂದೆ. ಬಾಣಂತಿಗಿರಬೇಕೆಂದು ಅಂಗಡಿಯವನು ಮರುಮಾತಿಲ್ಲದೆ ಕೊಟ್ಟ. ಅದನ್ನು ಆಯುರ್ವೇದದ ಅರಿಷ್ಟದ ಖಾಲಿ ಬಾಟಲಿಗೆ ಸುರಿದು ಕೊಟ್ಟೆ. ಅತ್ತೆಗೆ ಅದು ಅರಿಷ್ಟ. ಸಂಜೆ ದೇವರ ದೀಪ ಹಚ್ಚಿದ ಮೇಲೆ ಸೊಸೆಗೆ ಅದನ್ನು ತಾವೇ ಅಳೆದು ಕೊಡುತ್ತಿದ್ದರು.

ತೊಂಬತ್ತೈದರ ದೀಪಾವಳಿಯ ಅಮಾವಾಸ್ಯೆಯ ಬೆಳಿಗ್ಗೆ ಸೂರ್ಯಗ್ರಹಣ. ನಾನು ಅದಕ್ಕೆ ಮೊದಲಿನ ವಾರವೆಲ್ಲ ಮನೆಮನೆಗೆ ಹೋಗಿ, ಗ್ರಹಣಕ್ಕೂ ಹೊಟ್ಟೆಯ ಮಗುವಿಗೂ ಏನೂ ಸಂಬಂಧವಿಲ್ಲ, ಬಸುರಿಯರನ್ನು ಕತ್ತಲೆ ಕೋಣೆಯಲ್ಲಿ ಉಪವಾಸ ಕೂರಿಸಬೇಡಿ ಎಂದು ಗಂಟಲು ಹರಿದುಕೊಂಡಿದ್ದೆ. ಅಂದು ಗಿರಿಜಾ ಒಳಗೇ ಇದ್ದಳು. ಕೊಟ್ಟಿಗೆಯಲ್ಲಿ ಕರು ಹಗ್ಗಕ್ಕೆ ಕುತ್ತಿಗೆ ಸುತ್ತಿಕೊಂಡು ಒದ್ದಾಡುವುದು ಕೇಳಿ ಓಡಿಹೋಗಿ ಬಿಡಿಸಿದಳು, ವಾಪಸು ಬಂದಳು. ಅಷ್ಟೇ. ಅತ್ತೆ ನೋಡಿದರು.

ಮಗು ದಿನ ತುಂಬಿಯೇ ಹುಟ್ಟಿತು. ಸಣ್ಣ ಹೆಣ್ಣುಮಗು, ಆದರೆ ಉಳಿಯಿತು. ಅತ್ತೆ ನನ್ನ ಕೈಗೆ ಸೀರೆ, ಕಾಯಿ ಕೊಟ್ಟು, "ನಿಂಗ ಎಂಗಳ ಮನೆ ದೀಪ ಉಳಸಿದ್ರಿ," ಎಂದರು. ನಾನು ಆ ಸೀರೆಯನ್ನು ಎಷ್ಟು ಹೆಮ್ಮೆಯಿಂದ ಉಟ್ಟೆ ಎಂದರೆ — ಅದನ್ನು ಇಲ್ಲಿ ಬರೆಯಲು ಕೈ ಬರುವುದಿಲ್ಲ.

ಸುಮಾ ತಡವಾಗಿ ನಡೆದಳು, ತಡವಾಗಿ ಮಾತಾಡಿದಳು. ಶಾಲೆಗೆ ಸೇರಿದ ಮೇಲೆ ಬೆಳಿಗ್ಗೆ ಕಲಿತದ್ದು ಮಧ್ಯಾಹ್ನಕ್ಕೆ ಇರುತ್ತಿರಲಿಲ್ಲ. ಎರಡು ಕೆಲಸ ಒಟ್ಟಿಗೆ ಹೇಳಿದರೆ ಎರಡನ್ನೂ ಬಿಟ್ಟು ಸುಮ್ಮನೆ ನಿಲ್ಲುತ್ತಿದ್ದಳು. ಸೊಕ್ಕು ಎಂದು ಮಾಸ್ತರರು ಹೊಡೆದರು. ಮನೆಯಲ್ಲಿ ಗ್ರಹಣಶಾಂತಿ ಮಾಡಿಸಿದರು. ಅತ್ತೆ ಬಂದವರೆದುರೆಲ್ಲ ಕರುವಿನ ಕತೆ ತೆಗೆದು ಕೊನೆಗೆ ಸೊಸೆಯ ಮುಖ ನೋಡುತ್ತಿದ್ದರು. ಗಿರಿಜಾ ಎದ್ದು ಒಳಗೆ ಹೋಗುತ್ತಿದ್ದಳು. ನಿಜವಾಗಿ ಹೇಳುತ್ತೇನೆ, ಅಲ್ಲಿಯವರೆಗೆ ನನಗೂ ಏನೂ ಗೊತ್ತಿರಲಿಲ್ಲ.

ಗೊತ್ತಾದದ್ದು ಶಿರಸಿಯ ತರಬೇತಿಯಲ್ಲಿ. ಇಲಾಖೆ ನಮ್ಮನ್ನೆಲ್ಲ ಕೂರಿಸಿ, ಬಸುರಿಯರು ಮದ್ಯ ಕುಡಿದರೆ ಮಗುವಿಗೆ ಏನಾಗುತ್ತದೆ ಎಂದು ಹೊರಗಿನಿಂದ ಬಂದ ಡಾಕ್ಟರಮ್ಮನಿಂದ ಹೇಳಿಸಿತು. ಪರದೆಯ ಮೇಲೆ ಮಕ್ಕಳ ಮುಖಗಳು ಬಂದವು. ಸಣ್ಣ ಕಣ್ಣು, ತೆಳುವಾದ ಮೇಲ್ದುಟಿ, ಮೂಗಿನ ಕೆಳಗೆ ಎಲ್ಲರಿಗೂ ಇರುವ ಗುಳಿ ಇಲ್ಲದೆ ನುಣ್ಣಗಾದ ಚರ್ಮ. ಎಲ್ಲ ಪರದೇಶದ ಮಕ್ಕಳು, ಬೆಳ್ಳಗಿನ ಮಕ್ಕಳು — ಎಲ್ಲರೂ ಸುಮಾ. "ಇಂಥ ಮಗುವನ್ನು ನಿಮ್ಮ ಊರಲ್ಲಿ ಯಾರಾದರೂ ನೋಡಿದ್ದೀರಾ?" ಎಂದು ಅವರು ಕೇಳಿದರು. ಯಾರೂ ಕೈ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಆಮೇಲೆ ಉಪ್ಪಿಟ್ಟು ಕೊಟ್ಟರು, ತಿಂದೆ.

ಇಲ್ಲಿಂದ ಮುಂದಿನದೇ ನನ್ನ ಪಾಪ. ಬ್ರಾಂಡಿ ಕೊಟ್ಟದ್ದು ತಪ್ಪು, ದೊಡ್ಡ ತಪ್ಪು, ಆದರೆ ಕೊಡುವಾಗ ಮಗು ಉಳಿಯಲೆಂದೇ ಕೊಟ್ಟೆ. ಅದಕ್ಕೆ ತಲೆ ತಗ್ಗಿಸು ಎಂದರೆ ನನ್ನ ಜೊತೆ ಇನ್ನೂ ಕೆಲವು ತಲೆಗಳು ತಗ್ಗಬೇಕು — ನನಗೆ ಕಲಿಸಿದವರದ್ದು, ಕಲಿಸಿದ್ದು ಹಳತಾಯಿತೆಂದು ತಿಳಿಸದವರದ್ದು. ಆದರೆ ಪರದೆಯ ಮೇಲೆ ಆ ಮುಖ ನೋಡಿದ ಮೇಲೆ ಸುಮ್ಮನಿದ್ದೆನಲ್ಲ, ಅದರಲ್ಲಿ ಯಾರಿಗೂ ಪಾಲಿಲ್ಲ. ಅದು ಪೂರ್ತಿ ನನ್ನದು.

ಅದೇ ವರ್ಷ ಯಲ್ಲಾಪುರದಲ್ಲಿ ಅಂಗವಿಕಲ ಮಕ್ಕಳ ತಪಾಸಣೆಯ ಶಿಬಿರ ಆಯಿತು. ಸುಮಾಳನ್ನು ಕರೆದುಕೊಂಡು ಗಿರಿಜಾ, ಅತ್ತೆ ಬಂದಿದ್ದರು. ಜೊತೆಗೆ ನಾನು. ಚುರುಕಾದ ಹುಡುಗ ಡಾಕ್ಟರು, ಸುಮಾಳ ಮುಖವನ್ನು ಎರಡು ಸಲ ನೋಡಿದರು. ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು. ಆಮೇಲೆ ಗಿರಿಜೆಯನ್ನು ಕೇಳಿದರು, "ಬಸುರಿ ಇದ್ದಾಗ ಮದ್ಯ ಏನಾದ್ರೂ ತಗೊಂಡಿದ್ರಾ?"

ಗಿರಿಜಾ ನನ್ನ ಮುಖ ನೋಡಿದಳು. ಪಕ್ಕದಲ್ಲೇ ಅತ್ತೆ. ಅವಳಿಗೆ ಆ ಕ್ಷಣ ಇದ್ದದ್ದು ಒಂದೇ ಹೆದರಿಕೆ — ಬಾಟಲಿಯ ಗುಟ್ಟು ಅತ್ತೆಗೆ ತಿಳಿಯುತ್ತದೆಯೇ ಎಂದು. ಮಗುವಿಗೂ ಬಾಟಲಿಗೂ ಸಂಬಂಧವಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

"ಛೇ, ಇಲ್ಲ ಸರ್. ಅವರ ಮನಿಯೊಳಗ ಅದರ ವಾಸನೀನೂ ಸುಳಿಯೂದಿಲ್ಲ," ಎಂದೆ.

ಡಾಕ್ಟರು ಕಾರಣ ತಿಳಿಯದು ಎಂದು ಬರೆದು ಮುಂದಿನ ಮಗುವನ್ನು ಕರೆದರು. ನಾನು ನಿಜ ಹೇಳಿದ್ದರೆ ಅವರು ಗಿರಿಜೆಯನ್ನು ಕೂರಿಸಿಕೊಂಡು ಇಂಥ ಮಗುವನ್ನು ಬೆಳೆಸುವ ಬಗೆ ಹೇಳುತ್ತಿದ್ದರು. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ದಿನವೂ ಒಂದೇ ಕ್ರಮ ಇರಲಿ, ಮರೆತದ್ದಕ್ಕೆ ಬೈಯಬೇಡಿ, ಅದು ಸೊಕ್ಕಲ್ಲ — ತರಬೇತಿಯಲ್ಲಿ ಇಷ್ಟನ್ನೂ ಹೇಳಿದ್ದರು. ಇದು ನಾಶವಾದದ್ದನ್ನು ವಾಪಸು ತರುವುದಿಲ್ಲ, ಆದರೆ ಮಗು ಹೊಡೆತ ತಿನ್ನುವುದು ತಪ್ಪುತ್ತದೆ. ಸುಮಾ ಆ ಮೇಲೂ ಶಾಲೆಯಲ್ಲಿ ಹೊಡೆತ ತಿಂದಳು. ಆ ಪ್ರತಿಯೊಂದು ಹೊಡೆತದಲ್ಲೂ ನನ್ನ ಕೈ ಇತ್ತು.

ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ನನ್ನ ಮಗ್ಗುಲಿಗೆ ಕೂತು ಕೇಳಿದರು. "ಡಾಕ್ಟ್ರಿಗೂ ಗೊತ್ತಾಗ್ತಿಲ್ಲೆ ಹೇಳಾದ್ರೆ ಗ್ರಹಣದ ದೋಷವೇಯಾ, ಅಲ್ದಾ ಸಿಸ್ಟ್ರೇ? ಆನು ಅವತ್ತೇ ಹೇಳಿದ್ದೆ, ಹೆರಗೆ ಹೋಗಡ ಹೇಳಿ." ಹೊರಗೆ ಹೋಗಬೇಡ ಎಂದಿದ್ದರಂತೆ, ಮತ್ತೆ ಅದೇ ಕರುವಿನ ಕತೆ. ಗಿರಿಜಾ ಮಗಳ ಜಡೆ ಹೆಣೆಯುತ್ತಿದ್ದವಳು ಕೈ ನಿಲ್ಲಿಸಿದಳು. ಗ್ರಹಣ ಬರೀ ನೆರಳು ಎಂದು ಊರೆಲ್ಲ ಸಾರಿದವಳು ನಾನು. ಆ ಮನೆಯಲ್ಲಿ ಅವಳ ಪರವಾಗಿ ಮಾತಾಡಬಲ್ಲವಳು ನಾನೊಬ್ಬಳೇ.

"ಇರಬಹುದ್ರಿ," ಎಂದೆ.

ಒಂದೇ ಮಾತು. ಗಿರಿಜಾ ಮತ್ತೆ ಜಡೆ ಹೆಣೆಯತೊಡಗಿದಳು. ಆವತ್ತಿನಿಂದ ಅವಳೂ ಅದನ್ನು ನಂಬಿದಳು ಅಂತ ಕಾಣುತ್ತದೆ. ಸಿಸ್ಟರ್ ಕೂಡ ಹೇಳಿದ ಮೇಲೆ ಇನ್ನೇನು ಉಳಿಯಿತು?

ಆಮೇಲಿನ ವರ್ಷಗಳಲ್ಲಿ ನಾನು ಮಾಡಿದ್ದನ್ನು ಕೇಳಿ. ಸಿದ್ದಾಪುರಕ್ಕೆ ವರ್ಗವಾಯಿತು. ಅಲ್ಲಿ ಗದ್ದೆ ಕೆಲಸದ ಬಸುರಿ ಹೆಂಗಸರ ಬಾಯಿ ಮೂಸಿ ನೋಡಿ ಗದರಿಸತೊಡಗಿದೆ — ಹೌದು, ನಾನು. ಮಳೆಯಲ್ಲಿ ನಾಟಿ ಮಾಡುವವರಿಗೆ ಚಳಿಗೆಂದು ಗದ್ದೆಯ ಒಡೆಯರೇ ಸಾರಾಯಿಯ ಪ್ಲಾಸ್ಟಿಕ್ ಪೊಟ್ಟಣ, ಅಲ್ಲಿಯವರ ಮಾತಲ್ಲಿ ಕೊಟ್ಟೆ, ಹಂಚುತ್ತಿದ್ದರು. ಅದನ್ನು ಕಚ್ಚಿ ಹರಿದು ಕುಡಿದು ಗದ್ದೆಗಿಳಿಯುವುದು. ಒಬ್ಬಳು ನನಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದಳು, "ಸರ್ಕಾರ್ದೋರೇ ಹರಾಜು ಹಾಕಿ ಮಾರ್ಸೂದಲ್ರಾ ಸಿಸ್ಟ್ರೆ. ಕುಡೀಬೇಡಿ ಅನ್ನೂಕೆ ನಿಮ್ಮ ಕಳ್ಸ್ತ್ರಾ?" ಆಮೇಲೆ ಸಾರಾಯಿ ಬಂದ್ ಆಯಿತು, ಒಳ್ಳೆಯದೇ ಆಯಿತು. ವೈನ್‌ಶಾಪು ಬಂದ್ ಆಗಲಿಲ್ಲ.

ನಾನು ನಿವೃತ್ತಳಾದೆ. ಹೋದ ಮಳೆಗಾಲದಲ್ಲಿ ಗಿರಿಜೆಯ ಅತ್ತೆ ತೀರಿಕೊಂಡರೆಂದು ಕೇಳಿದೆ. ಸ್ವಲ್ಪ ದಿನಕ್ಕೆ ಇಲಾಖೆಯವರು ಮನೆಗೆ ಬಂದರು. ಸಿದ್ದಾಪುರದಲ್ಲಿ ಮದ್ಯ ಮತ್ತು ಗರ್ಭಿಣಿಯರ ಬಗ್ಗೆ ಜಾಗೃತಿ ಸಭೆ ಇದೆ, ಅನುಭವಸ್ಥರು ನೀವು ಮಾತಾಡಬೇಕು ಎಂದರು. ತಂದಿದ್ದ ಪೋಸ್ಟರ್ ಬಿಚ್ಚಿ ತೋರಿಸಿದರು. ಹರಕು ಸೀರೆಯ ಕೂಲಿ ಹೆಂಗಸು, ಉಬ್ಬಿದ ಹೊಟ್ಟೆ, ಕೈಯಲ್ಲಿ ಬಾಟಲಿ. ಪಕ್ಕದಲ್ಲಿ ಬಿಳಿ ಸೀರೆಯ ನರ್ಸು ಬೆರಳೆತ್ತಿ ಬುದ್ಧಿ ಹೇಳುತ್ತಿದ್ದಾಳೆ. ನನಗೆ ಸಿಟ್ಟು ನೆತ್ತಿಗೇರಿತು. "ಈ ಬಾಟಲಿ ನರ್ಸಿನ ಕೈಯಾಗ ಕೊಟ್ಟು ಬರೀರಿ, ಆಗ ಬರ್ತೇನಿ," ಎಂದೆ. ಅವರು ಮುಖ ಮುಖ ನೋಡಿಕೊಂಡರು. ವಯಸ್ಸಾಯಿತು ಪಾಪ ಎಂದುಕೊಂಡಿರಬೇಕು.

ಮರುದಿನ ವಜ್ರಳ್ಳಿಗೆ ಹೋದೆ. ಗಿರಿಜಾ ಜಗಲಿಯಲ್ಲಿ ಹಪ್ಪಳ ಲಟ್ಟಿಸುತ್ತಿದ್ದಳು. ಸುಮಾ ಒಣಗಿದ್ದನ್ನು ಎತ್ತಿ ಡಬ್ಬಕ್ಕೆ ಹಾಕುತ್ತಿದ್ದಳು. ನಾನು ಕೂತು ಎಲ್ಲ ಹೇಳಿದೆ. ತರಬೇತಿಯ ಪರದೆ, ಶಿಬಿರದ ಸುಳ್ಳು, ಬಸ್‌ಸ್ಟ್ಯಾಂಡಿನ ಆ ಒಂದು ಮಾತು. ನೀರು ಕೇಳಲಿಲ್ಲ, ಅಳಲಿಲ್ಲ. ಅತ್ತರೆ ಅವಳು ನನ್ನನ್ನು ಸಮಾಧಾನ ಮಾಡಬೇಕಾಗುತ್ತಿತ್ತು, ಅದು ಇನ್ನೊಂದು ಅನ್ಯಾಯ.

ಗಿರಿಜಾ ಲಟ್ಟಣಿಗೆ ಕೆಳಗಿಟ್ಟಳು. ಆಮೇಲೆ, "ಅತ್ತೆ ಇಪ್ಪಕರೆ ಬಂದು ಹೇಳಕ್ಕಾಗಿತ್ತು ನಿಂಗ," ಎಂದಳು.

ಅತ್ತೆ ಬದುಕಿರುವಾಗ ಬಾಯಿ ಬಿಡದವಳು ನಾನು. ಸಾಯುವ ಹಿಂದಿನ ದಿನವೂ ಅತ್ತೆ ಆ ಕರುವಿನ ಮಾತು ಎತ್ತಿದ್ದರಂತೆ.

ಸಭೆಯಲ್ಲಿ ಎಲ್ಲ ಹೇಳುತ್ತೇನೆ, ನಿನ್ನ ಹೆಸರು ತೆಗೆಯುವುದಿಲ್ಲ ಎಂದೆ. ಅವಳು ನನ್ನನ್ನು ನೇರವಾಗಿ ನೋಡಿದಳು. "ಹೆಸರು ಹೇಳೇ ಹೇಳಿ. ಗಿರಿಜಾ ಬ್ರಾಂಡಿ ಕುಡದಿತ್ತು ಅಂತ್ಲೇ ಹೇಳಿ. ಗ್ರಹಣದಲ್ಲಿ ಹೆರಗೆ ಹೋದೆ ಹೇಳಿ ಇಷ್ಟು ವರ್ಷ ಕೇಳಿಸ್ಕಂಡಾತು. ಇದೆಂತ ಅದಕ್ಕಿಂತ ದೊಡ್ಡದಾ?"

ಹೇಳಿದೆ. ಸಿದ್ದಾಪುರದ ಆ ಸಭೆಯಲ್ಲಿ ಮೈಕಿನ ಮುಂದೆ ನಿಂತು ಬಾಟಲಿ, ಜೇನುತುಪ್ಪ, ಸುಳ್ಳು ಎಲ್ಲವನ್ನೂ ಹೇಳಿದೆ. ಇಲಾಖೆಯ ಮರ್ಯಾದೆ ಹೋಯಿತೆಂದು ಅಧಿಕಾರಿಯೊಬ್ಬರು ಸಿಡುಕಿದರು. ಪಿಂಚಣಿಗೆ ತೊಂದರೆಯಾದೀತು ಎಂದು ಹಳೆಯ ಗೆಳತಿಯರು ಕಿವಿಯಲ್ಲಿ ಉಸುರಿದರು. ಆಗಲಿ. ಕರೆದರೆ ಶಿರಸಿಯಲ್ಲೂ ಹೇಳುತ್ತೇನೆ, ಕರೆಯದಿದ್ದರೆ ಹೀಗೆ ಬರೆದು ಹೇಳುತ್ತೇನೆ. ಬಾಯಿ ಮುಚ್ಚಿದ್ದು ಸಾಕು.

ಆದರೆ ನಾನು ಯಾರಿಗೆ ಹೇಳಲೇಬೇಕಿತ್ತೋ ಅವಳು ಆ ಸಭೆಯಲ್ಲಿ ಇರಲಿಲ್ಲ. ಅವತ್ತು ವಜ್ರಳ್ಳಿಯಲ್ಲಿ ಹೊರಡುವಾಗ ಸುಮಾಳನ್ನು, ನೀನು ಯಾರು ಗೊತ್ತಾ ಎಂದು ಸುಮ್ಮನೆ ಮಾತಿಗೆಳೆದಿದ್ದೆ. "ಆನು ಗ್ರಹಣದ ಕೂಸು," ಎಂದಳು, ಹೆಸರು ಹೇಳಿದ ಹಾಗೆ. ಕೂಸು ಎಂದರೆ ಅವರಲ್ಲಿ ಹುಡುಗಿ. ನಾನು ಅವಳ ಎದುರು ಕೂತು, ಅಲ್ಲ, ಗ್ರಹಣ ನಿನಗೇನೂ ಮಾಡಲಿಲ್ಲ, ಅಮ್ಮನೂ ಮಾಡಲಿಲ್ಲ, ಮಾಡಿದ್ದು ನಾನು ಎಂದೆ. ಅವಳು ಕೇಳಿಸಿಕೊಂಡು ತಲೆಯಾಡಿಸಿದಳು.

ಮುಂದಿನ ತಿಂಗಳು ಹೋದಾಗ ಅವಳಿಗೆ ಅದು ನೆನಪಿರಲಿಲ್ಲ. ಮತ್ತೆ ಕೇಳಿದೆ, ಮತ್ತೆ ಗ್ರಹಣದ ಕೂಸು ಎಂದಳು. ಮತ್ತೆ ಕೂತು ಮೊದಲಿನಿಂದ ಹೇಳಿದೆ. ಈಗ ತಿಂಗಳಿಗೊಮ್ಮೆ ಬಸ್ಸು ಹತ್ತುತ್ತೇನೆ. ಅವಳು ಪ್ರತಿ ಸಲವೂ ಮೊದಲ ಸಲದಂತೆ ಕೇಳುತ್ತಾಳೆ, ನಾನು ಪ್ರತಿ ಸಲವೂ ಅವಳ ಕಣ್ಣು ನೋಡಿ ಹೇಳಬೇಕು. ಹೇಳುತ್ತೇನೆ — ಗ್ರಹಣ ಅಲ್ಲ ಸುಮಾ, ನಾನು.