ಆರುವ ಮೊದಲು ತಲುಪಬೇಕಾದ ಡಬ್ಬಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಡಬ್ಬಿಯಮ್ಮ ವಾರ್ಡಿನಿಂದ ಹೊರಬರುತ್ತಾರೆ. ಕೈಯಲ್ಲಿ ಮುಚ್ಚಳ ಬಿಗಿದ ಪುಟ್ಟ ಪ್ಲಾಸ್ಟಿಕ್ ಡಬ್ಬಿ, ಒಳಗೆ ರೋಗಿಯೊಬ್ಬರ ಮಲ. ಲಿಫ್ಟಿನಲ್ಲಿದ್ದವರು ಮೂಗು ಮುಚ್ಚಿಕೊಂಡು ಗೋಡೆಗೆ ಅಂಟಿಕೊಳ್ಳುತ್ತಾರೆ. ಸುಳ್ಳೇಕೆ, ನಾನೂ ಅಂಟಿಕೊಳ್ಳುತ್ತೇನೆ. "ನೀವು ಬೇಕಾದ್ರೆ ಮೆಟ್ಟಿಲಲ್ಲಿ ಬನ್ನಿ ಸಾರ್. ನನಗೆ ಟೈಮಿಲ್ಲ. ಇದು ಆರೋದ್ರೊಳಗೆ ಲ್ಯಾಬ್ ಸೇರ್ಬೇಕು. ತಣ್ಣಗಾದ್ರೆ ಹುಳ ಅಲ್ಲಾಡಲ್ಲ, ಅಲ್ಲಾಡದಿದ್ರೆ ಕಣ್ಣಿಗೆ ಬೀಳಲ್ಲ ಅಂತಾರೆ."

ಈ ಆಸ್ಪತ್ರೆಯಲ್ಲಿ ಅವರು ಆಯಾ. ಗಂಡ ತೀರಿಕೊಂಡ ಮೇಲೆ ಹಿಡಿದ ಕೆಲಸ. ಮಗಳು ಮದುವೆಯಾಗಿ ಹೋದರೂ ಬಿಟ್ಟಿಲ್ಲ. ಬೆಡ್‌ಪ್ಯಾನ್ ತೊಳೆಯಬೇಕು, ದಿನಕ್ಕೆ ಹತ್ತು ಹದಿನೈದು ಡಬ್ಬಿ ಸಾಗಿಸಬೇಕು. ಅದಕ್ಕೇ ಎಲ್ಲರ ಬಾಯಲ್ಲೂ ಡಬ್ಬಿಯಮ್ಮ. "ಮೊದಮೊದಲು ಊಟ ಸೇರ್ತಿರಲಿಲ್ಲ. ಈಗ ಕೈ ತೊಳೆದು ಕೂತ್ರೆ ಎಲ್ಲರಿಗಿಂತ ಮೊದಲು ತಟ್ಟೆ ಖಾಲಿ ಮಾಡೋಳು ನಾನೇ."

ಪತ್ರಿಕೆಯವನಾದ ನಾನು ಅವರನ್ನು ಹುಡುಕಿಕೊಂಡು ಬಂದದ್ದು ಒಂದು ಗೊಂದಲದ ಬೆನ್ನು ಹತ್ತಿ. ಸಸಿ ಬೆಳೆಸುವ ಕೆಲಸಗಾರರೊಬ್ಬರು, ಬೇರೆಯವರ ಕಿಡ್ನಿ ಪಡೆದು ಬದುಕಿರುವವರು, ಜ್ವರ ಮತ್ತು ಸೆಟೆದ ಕುತ್ತಿಗೆಯೊಂದಿಗೆ ಇಲ್ಲಿ ಸೇರಿದ್ದರು. ಮಿದುಳುಪೊರೆಯ ಉರಿಯೂತ. ಗುಣವಾಯಿತು ಅನ್ನುವಷ್ಟರಲ್ಲಿ ಮತ್ತೆ ಮರುಕಳಿಸಿತು. ಮಿದುಳಿನ ಸುತ್ತಲಿರುವ ನೀರನ್ನು ಬೆನ್ನಿನಿಂದ ತೆಗೆದು ನೋಡಿದರೆ ಸಿಕ್ಕಿದ್ದು ಕರುಳಿನಲ್ಲಿರಬೇಕಾದ ಬ್ಯಾಕ್ಟೀರಿಯಾ! ಹೊಟ್ಟೆಯದು ತಲೆಗೆ ಹೇಗೆ ಹೋಯಿತು?

ಡಾಕ್ಟರು ನನಗೆ ಎರಡೆರಡು ಸಲ ವಿವರಿಸುತ್ತಾರೆ. ಬರಿಗಾಲಲ್ಲಿ ಮಣ್ಣು ತುಳಿಯುವಾಗ ಚರ್ಮ ಹೊಕ್ಕ ಹುಳ ಕರುಳಿನಲ್ಲಿ ವರ್ಷಗಟ್ಟಲೆ ತೆಪ್ಪಗಿರುತ್ತದಂತೆ. ಕಸಿ ಮಾಡಿದ ಕಿಡ್ನಿ ಉಳಿಯಲೆಂದು ಮೈಯ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ಕೊಟ್ಟರೆ, ಆ ಹುಳ ಲೆಕ್ಕವಿಲ್ಲದಷ್ಟು ಹೆಚ್ಚಿ, ಕರುಳು ಕೊರೆದು, ಅಲ್ಲಿನ ಬ್ಯಾಕ್ಟೀರಿಯಾವನ್ನೂ ಹೊತ್ತು ಮೈಯೆಲ್ಲ ಸುತ್ತುತ್ತದಂತೆ. ಹಾಗಾದರೆ ಉಳಿಸುವ ಮಾತ್ರೆಯೇ ಕೊಲ್ಲುವುದೇ? ನನಗಿನ್ನೂ ತಲೆ ಗಿರ್ರೆನ್ನುತ್ತಿದೆ.

ಹುಳವಿದೆಯೇ ನೋಡಲು ಮಲ ಕೇಳಿದ್ದರು. ರೋಗಿಯ ಹೆಂಡತಿ ಡಬ್ಬಿ ಕೊಟ್ಟರು, ಡಬ್ಬಿಯಮ್ಮ ಓಡಿದರು, ಹುಳವಿಲ್ಲ ಎಂಬ ಉತ್ತರ ಬಂತು. ಎಲ್ಲರೂ ಬೇರೆ ಕಾರಣ ಹುಡುಕಲು ಹೊರಟರು. ಡಬ್ಬಿಯಮ್ಮ ಮಾತ್ರ ತೊಳೆಯಲೆಂದು ಎತ್ತಿದ ಪ್ಯಾನನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಆ ಯಜಮಾನ್ರ ಪ್ಯಾನು ಮೂರು ದಿನದಿಂದ ಒಣಗೇ ಇತ್ತು. ಹೊಟ್ಟೆ ಕಟ್ಟಿಹೋಗಿತ್ತು. ಮತ್ತೆ ಡಬ್ಬಿ ಹೇಗೆ ತುಂಬ್ತು? ಹೋಗಿ ಅವರ ಹೆಂಡ್ತಿನ ಮೆಲ್ಲಗೆ ಕೇಳ್ದೆ. ಅತ್ತುಬಿಟ್ರು. ‘ನರ್ಸಮ್ಮ ಒಂದೇ ಸಮ ಡಬ್ಬಿ ಎಲ್ಲಿ ಅಂತಿದ್ರು, ನಂದೇ ಕೊಟ್ಟೆ. ಇಬ್ರೂ ಒಂದೇ ಅಡುಗೆ ತಿನ್ನೋರು, ಯಾರದಾದ್ರೇನು ಅಂದ್ಕೊಂಡೆ. ಯಾರಿಗೂ ಹೇಳ್ಬೇಡಿ ಅಕ್ಕ’ ಅಂತ ಕೈ ಹಿಡ್ಕೊಂಡ್ರು."

"ಹೇಳಿದ್ರೆ ಆ ಹೆಂಗಸಿನ ಮರ್ಯಾದೆ ಹೋಗತ್ತೆ, ಹೇಳ್ದಿದ್ರೆ ಯಜಮಾನ್ರೇ ಹೋಗ್ತಾರೇನೋ. ಏನ್ಮಾಡ್ಲಿ ಸಾರ್?"

ಕೊನೆಗೆ ಡಾಕ್ಟರ ಮುಂದೆ ಬಾಯಿ ಬಿಟ್ಟರು. ಎನಿಮಾ ಕೊಟ್ಟು ಪಡೆದ ನಿಜವಾದ ಡಬ್ಬಿಯಲ್ಲಿ ಹುಳ ಗಿಜಿಗುಡುತ್ತಿತ್ತು. ಬ್ಯಾಕ್ಟೀರಿಯಾ ಕೊಲ್ಲುವ ಇಂಜೆಕ್ಷನ್ ಜೊತೆಗೆ ಹುಳದ ಮಾತ್ರೆಯೂ ಶುರುವಾಯಿತು. ಹೆಂಡತಿ ಅಂದಿನಿಂದ ಡಬ್ಬಿಯಮ್ಮನ ಜೊತೆ ಮಾತು ಬಿಟ್ಟಿದ್ದಾರೆ. "ಸರಿ ಮಾಡಿದ್ನೋ ತಪ್ಪು ಮಾಡಿದ್ನೋ, ನನಗೇ ತಿಳೀತಿಲ್ಲ."

ಇವತ್ತಿನ ಡಬ್ಬಿ ಅದೇ ಯಜಮಾನರದು. ಮಾತ್ರೆ ಶುರುವಾದ ಮೇಲಿನ ಕಳೆದ ಕೆಲವು ಡಬ್ಬಿಗಳಲ್ಲಿ ಹುಳ ಕಂಡಿಲ್ಲ. ಇದರಲ್ಲೂ ಕಾಣದಿದ್ದರೆ ಮನೆಗೆ ಕಳಿಸುತ್ತಾರೆ. ಲ್ಯಾಬಿನ ಬಾಗಿಲು ತಲುಪಿದಾಗ, ನಿಮ್ಮ ಆಸೆಯೇನು ಎಂದು, ನಮ್ಮ ಪತ್ರಿಕೆಯವರ ಮಾಮೂಲು ಪ್ರಶ್ನೆಯನ್ನು ಕೇಳುತ್ತೇನೆ. "ಇಷ್ಟು ವರ್ಷ ಹೊತ್ತಿದೀನಿ. ಒಂದ್ಸಲ ಆ ಮಿಷನ್‌ನಲ್ಲಿ ನಾನೂ ನೋಡ್ಬೇಕು."

ಲ್ಯಾಬಿನಾಕೆ ಅದನ್ನು ಕೇಳಿಸಿಕೊಂಡು, ತಾನು ನೋಡಿ ಮುಗಿಸಿದ ಮೇಲೆ ಕುರ್ಚಿ ಬಿಟ್ಟುಕೊಡುತ್ತಾಳೆ. ಡಬ್ಬಿಯಮ್ಮ ಒಂದು ಕಣ್ಣು ಮುಚ್ಚಿ ಸೂಕ್ಷ್ಮದರ್ಶಕದ ಮೇಲೆ ಬಗ್ಗುತ್ತಾರೆ. ಬಹಳ ಹೊತ್ತು ಏಳುವುದಿಲ್ಲ.

"ಏನೂ ಅಲ್ಲಾಡ್ತಿಲ್ಲವಲ್ಲ! ನಾನು ತಡ ಮಾಡಿಬಿಟ್ನಾ? ಆರಿಹೋಯ್ತಾ?"

"ಬಿಸಿಯಾಗೇ ಇತ್ತು ಅಕ್ಕ. ಹುಳ ಇಲ್ಲ, ಅಷ್ಟೇ."

ಅವರು ಆಕೆಯ ಮುಖವನ್ನೂ ನನ್ನ ಮುಖವನ್ನೂ ಪೆಚ್ಚಾಗಿ ನೋಡುತ್ತಾರೆ. ಆಮೇಲೆ ತಟ್ಟನೆ ಎದ್ದು, ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತುತ್ತಾರೆ. ವಾರ್ಡಿನಲ್ಲಿ ರೋಗಿಯ ಹೆಂಡತಿ ಇವರನ್ನು ಕಂಡು ಮುಖ ತಿರುಗಿಸುತ್ತಾರೆ. ಡಬ್ಬಿಯಮ್ಮ ಆ ಕಡೆಗೇ ಸುತ್ತಿಕೊಂಡು ಹೋಗಿ, ಏದುಸಿರು ಬಿಡುತ್ತಾ ಎದುರಿಗೆ ನಿಲ್ಲುತ್ತಾರೆ.

"ಏನೂ ಇಲ್ಲಮ್ಮ. ನಾನೇ ಕಣ್ಣಾರೆ ನೋಡ್ದೆ."