ಕಚ್ಚಿ ದರ ಹೇಳುವ ಶಮಶೇರಸಾಬರು

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮುರಿದು ಮೂಸಿ ದರ ಹೇಳುವವರು ಓಣಿಗೆ ಹತ್ತು ಮಂದಿ. ಮೇಣದ ಉರುಳೆ ಹಾಡಿಸುವ ಹಳೇ ಫೋನೋಗ್ರಾಫಿನ ಬಿಡಿಭಾಗ ಕಚ್ಚಿ ದರ ಹೇಳುವವರು ಸ್ಟೇಶನ್ ರಸ್ತೆಯ ಶಮಶೇರಸಾಬರೊಬ್ಬರೇ. ಹಲ್ಲಲ್ಲಿ ಹಿಡಿದು, ಉಗುರಿನಿಂದ ತಟ್ಟಿ, ಕಣ್ಣು ಮುಚ್ಚಿ, “ಸ್ಪ್ರಿಂಗ್ ಅಸಲಿ ಐತಿ, ಇಪ್ಪತ್ತು ರೂಪಾಯಿ” ಅನ್ನುತ್ತಾರೆ. ಆಮೇಲೆ ನೀವು ಬೈದರೂ “ಖರೇ ಐತ್ರಿ” ಎಂದು ನಗುತ್ತಾರೆ. ರಾಣೆಬೆನ್ನೂರಿನ ವ್ಯಾಪಾರಿಯೊಬ್ಬ ಅಂಗಡಿಯ ಗೋಡೆಗೆ ತೂಗುಹಾಕಿದ್ದ ಫೋನೋಗ್ರಾಫಿನ ಹಿತ್ತಾಳೆ ಕಹಳೆ ತೋರಿಸಿ, ಮೂರು ಬೆರಳೆತ್ತಿ “ಮೂರು ಸಾವಿರ” ಅಂದಾಗ ಮಾತ್ರ ನಗಲಿಲ್ಲ: “ಅದನ್ನ ಮಾರೂದಿಲ್ರಿ.” ಯಾಕೆಂದು ನನಗೆ ತಿಳಿದದ್ದು ಅಂದು ಮಧ್ಯಾಹ್ನ, ಅವರ ಹೆಂಡತಿ ಚಮನಬಿ ಬುತ್ತಿ ತಂದಾಗ. ಸಾಬರು ಕಹಳೆಯ ಸಣ್ಣ ತುದಿ ಕಚ್ಚಿಕೊಂಡರು. ಆಕೆ ಅದರ ಅಗಲ ಬಾಯೊಳಗೆ ಮುಖವಿಟ್ಟು, “ರೊಟ್ಟಿ ಆರಾಕತ್ತಾವ, ಬರ್ರಿ” ಅಂದಳು. ಕಿವಿ ಹೋಗಿ ಹನ್ನೊಂದು ವರ್ಷವಾದ ಸಾಬರು ಆ ಮಾತನ್ನು ಹಲ್ಲಿನಿಂದಲೇ ಕೇಳಿಸಿಕೊಂಡು ಕಹಳೆ ಇಳಿಸಿದರು. ಆಕೆಗೆ “ಖರೇ ಐತ್ರಿ” ಅನ್ನಲಿಲ್ಲ; “ಬಂದೆ ತಡೀ” ಅಂದರು.